ಕಪಿಲೆಯ ಹೊತ್ತಿನ ಪದ್ಯ

ಬೆಳಗ್ಗೆ ಬೇಗ ಎದ್ದು ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಎಂಥ ದೊಡ್ಡ ಕೆಲಸವಾದರೂ ಆಗುತ್ತದೆ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ನಾನೂ ಬೇಗ ಏಳುವವನೇ. ಕೋಳಿ ಕೂಗುವ ಮೊದಲೇ ಎದ್ದು, ಮುಖಕ್ಕೆ ತಣ್ಣೀರು ಹಾಕಿಕೊಂಡು, ಒಂದೇ ಜಾಗದಲ್ಲಿ ಕಾಲು ಮಡಿಸಿ ಕೂತು ಎಷ್ಟೋ ವರ್ಷ ಕಳೆದಿದ್ದೇನೆ. ಜ್ವರ ಬಂದಾಗಲೂ ಕೂತಿದ್ದೇನೆ, ಹೆಂಡತಿ ಬೈದಾಗಲೂ ಕೂತಿದ್ದೇನೆ. ಹಾಗೆ ಕೂತು ಏನು ಕಡಿದು ಕಟ್ಟೆ ಹಾಕಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಒಂದು ನಾಟಕ ಬರೆದೆ. ಅದು ಈಗ ಎಲ್ಲಿಯೂ ಇಲ್ಲ.

ನಮ್ಮೂರು ಹಿಂದೂಪುರದಿಂದ ಪರಿಗಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳ ಎರಡರಲ್ಲೂ. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಅಪ್ಪ ತೀರಿಕೊಂಡ ಮೇಲೆ ಹೊಲ, ಬಾವಿ, ತೋಟ ಎಲ್ಲ ಅಣ್ಣನ ಹೆಗಲಿಗೆ ಬಂತು. ಅಣ್ಣ ಸ್ಕೂಲಿನ ಮುಖ ನೋಡಿದವನಲ್ಲ. ನನ್ನನ್ನು ಮಾತ್ರ ಹಿಂದೂಪುರದ ಹೈಸ್ಕೂಲಿಗೆ ಕಳಿಸಿದ. ಅವನಿಗೆ ಅಕ್ಷರ ಇರಲಿಲ್ಲ, ಗಂಟಲಿತ್ತು. ಊರಿನ ನಾಟಕದಲ್ಲಿ ರಾಜನ ಪಾರ್ಟು ಯಾವಾಗಲೂ ಅವನದೇ.

ನಮ್ಮ ಕಡೆ ನಾಟಕವೆಂದರೆ ಪದ್ಯದ ನಾಟಕ. ರಾಗಿ ಕಣ ಮುಗಿದ ಮೇಲೆ ನಾಟಕದ ಮೇಷ್ಟ್ರು ಹಾರ್ಮೋನಿಯಂ ಹೊತ್ತುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಹಗಲು ದುಡಿದು ಬಂದ ಗಂಡಸರಿಗೆ ಒಂದೊಂದೇ ಸಾಲು ಬಾಯಿಪಾಠ ಮಾಡಿಸುತ್ತಿದ್ದರು. ಅಣ್ಣ ಒಮ್ಮೆ ಕೇಳಿದ್ದನ್ನು ಬಿಡುತ್ತಿರಲಿಲ್ಲ. ತನ್ನ ಪಾರ್ಟಷ್ಟೇ ಅಲ್ಲ, ಮಂತ್ರಿಯದು, ರಾಣಿಯದು, ದೂತನದು ಎಲ್ಲ ಅವನ ಬಾಯಲ್ಲಿರುತ್ತಿತ್ತು. ಯಾರಾದರೂ ರಂಗದ ಮೇಲೆ ತಡವರಿಸಿದರೆ ಕಿರೀಟ ಹಾಕಿಕೊಂಡ ರಾಜನೇ ಪರದೆ ಹಿಂದೆ ನಿಂತು ಸಾಲು ಎತ್ತಿಕೊಡುತ್ತಿದ್ದ.

ನನಗೆ ಪ್ರಾಸ ಕೂಡಿಸುವ ಚಟವಿತ್ತು. ಅದು ಮೇಷ್ಟ್ರ ಕಿವಿಗೆ ಬಿತ್ತು. ಒಂದು ವರ್ಷ ಅವರು ನನ್ನನ್ನು ಕೂರಿಸಿಕೊಂಡು, ಅಣ್ಣನ ಗಂಟಲಿಗೆ ತಕ್ಕ ಹಾಗೆ ಹೊಸದೊಂದು ನಾಟಕ ಬರಿ ಎಂದರು. ನನಗೆ ಆಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಕಾಗದ ತರುತ್ತೇನೆಂದು ಎದ್ದೆ. ಮೇಷ್ಟ್ರು ಕೈ ಹಿಡಿದು ಕೂರಿಸಿದರು.

"ಕಾಗ್ದ ಬ್ಯಾಡ. ಪಲಕ ತಗಾ. ಬೆಳಿಗ್ಗೆ ಎದ್ದು ಒಂದೇ ಪದ್ಯ ಬರಿ. ಎರಡು ಬಂದ್ರೂ ಒಂದೇ ಬರಿ, ಇನ್ನೊಂದನ್ನ ನುಂಗ್ಬುಡು. ನಾಳೆಗೆ ಹಸಿವಿರ್ಬೇಕು. ಬರ್ದಿದ್ದನ್ನ ಅಣ್ಣನ ಬಾಯಿಗೆ ಹಾಕು, ಒರ್ಸು. ಒರ್ಸಿದ್ ಮ್ಯಾಲೆ ಮರ್ತುಬುಡು ಕಣಪ್ಪ. ನೆನಪಿಟ್ಕಂಡು ಕೂತ್ರೆ ನಾಳೆ ಪದ್ಯ ಇವತ್ತಿನದ್ರ ಕರು ಆಯ್ತದೆ."

ಪಲಕ ಎಂದರೆ ಸ್ಲೇಟು. ಅವರು ತೆಲುಗಿನ ಮಾತನ್ನೇ ಬಳಸುತ್ತಿದ್ದರು. ಕಾಗದ ಬೇಡ ಎನ್ನುವುದಕ್ಕೆ ಅವರಿಗೆ ಕಾರಣವಿತ್ತು. ಹಿಂದೊಮ್ಮೆ ಅವರ ಹೊಸ ನಾಟಕದ ಪ್ರತಿಯನ್ನು ಗೋರಂಟ್ಲದ ಕಡೆಯ ಯಾರೋ ಓದಿ ಕೊಡುತ್ತೇವೆಂದು ಒಯ್ದು, ನಕಲು ಮಾಡಿಕೊಂಡು, ಇವರಿಗಿಂತ ಮುಂಚೆ ಆಡಿಬಿಟ್ಟಿದ್ದರಂತೆ. ಆಮೇಲೆ ಇವರು ಆಡಿದಾಗ ಜನ ಇವರನ್ನೇ ಕಳ್ಳ ಎಂದರಂತೆ. ಆವತ್ತಿನಿಂದ ಮೊದಲ ಪ್ರಯೋಗ ಆಗುವವರೆಗೆ ಪದ್ಯ ಬಾಯಲ್ಲೇ ಇರಬೇಕು, ಕಾಗದಕ್ಕೆ ಹೋಗಬಾರದು ಎನ್ನುವುದು ಅವರ ವ್ರತ. ಸುತ್ತಿನ ಊರುಗಳ ಮೇಷ್ಟ್ರುಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಮರೆತೇ ಹೋದರೆ ಏನು ಗತಿ ಎಂದು ನಾನು ಕೇಳಿದೆ. ಮೇಷ್ಟ್ರು ನಕ್ಕು, "ನಿಮ್ಮಣ್ಣ ಇಲ್ವೇನ್ಲಾ" ಎಂದರು.

ಹೀಗೆ ಶುರುವಾಯಿತು. ನಮ್ಮ ತೋಟದ ಬಾವಿಗೆ ಕಪಿಲೆ ಇತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ: ಬಾವಿಯ ದಡದಿಂದ ಒಂದು ಇಳಿಜಾರು, ಅದರಲ್ಲಿ ಎತ್ತುಗಳು ಇಳಿದರೆ ಹಗ್ಗಕ್ಕೆ ಕಟ್ಟಿದ ಚರ್ಮದ ದೊಡ್ಡ ಬಾನೆ ನೀರು ತುಂಬಿಕೊಂಡು ಮೇಲೆ ಬರುತ್ತದೆ, ತೊಟ್ಟಿಗೆ ನೀರು ಸುರಿಯುತ್ತದೆ. ಎತ್ತುಗಳು ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಮೇಲೆ ಹತ್ತಿದರೆ ಬಾನೆ ಮತ್ತೆ ಬಾವಿಗೆ ಇಳಿಯುತ್ತದೆ. ಅಣ್ಣ ಇಳಿಯುವಾಗ ಹಗ್ಗದ ಮೇಲೆ ಕೂತು ಇಳಿಯುತ್ತಿದ್ದ, ಹತ್ತುವಾಗ ಎತ್ತಿನ ಜೊತೆ ತಾನೂ ಹಿಂದಕ್ಕೆ ನಡೆಯುತ್ತಿದ್ದ. ನಾನು ಕತ್ತಲಿರುವಾಗಲೇ ಎದ್ದು, ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಬುಡ್ಡಿ ದೀಪ ಇಟ್ಟುಕೊಂಡು ಸ್ಲೇಟಿನ ಮೇಲೆ ಪದ್ಯ ಕೂಡಿಸುತ್ತಿದ್ದೆ. ಅಣ್ಣ ನೊಗ ಕಟ್ಟುವ ಹೊತ್ತಿಗೆ ಅದು ಮುಗಿದಿರಬೇಕು.

"ಹೂಂ, ಏಳ್ಲಾ ಇವತ್ತಿಂದು" ಅನ್ನುತ್ತಿದ್ದ. ನಾನು ಒಂದು ಸಾಲು ಓದುತ್ತಿದ್ದೆ. ಎತ್ತು ಇಳಿಯುವಾಗ ಅವನು ಅದನ್ನು ರಾಗ ಮಾಡಿ ಹಾಡುತ್ತಿದ್ದ. ನೀರು ಸುರಿಯುವಾಗ ಸುಮ್ಮನಿರುತ್ತಿದ್ದ. ಹಿಂದಕ್ಕೆ ಹತ್ತುವಾಗ ಅದೇ ಸಾಲನ್ನು ಮೆಲ್ಲಗೆ ಇನ್ನೊಮ್ಮೆ. ಮೆಣಸಿನಕಾಯಿ ಮಡಿ ನೆನೆಯುವಷ್ಟರಲ್ಲಿ ಪದ್ಯ ಪೂರ್ತಿ ಅವನದಾಗಿರುತ್ತಿತ್ತು. ನಾನು ತೊಟ್ಟಿಯಲ್ಲಿ ಅಂಗೈ ಅದ್ದಿ ಸ್ಲೇಟು ಒರೆಸಿ ಎದ್ದು ಹೋಗುತ್ತಿದ್ದೆ. ಆ ಒರೆಸುವುದರಲ್ಲಿ ನನಗೆ ಎಂಥ ಸಂತೋಷವಿತ್ತೆಂದರೆ, ಈಗ ನೆನೆಸಿಕೊಂಡರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬರೆಯುವುದಕ್ಕಿಂತ ಮರೆಯುವುದು ಕಷ್ಟವಾಗಿತ್ತು. ಮುದ್ದೆ ನುಂಗುವಾಗ, ಹೈಸ್ಕೂಲಿಗೆ ನಡೆಯುವಾಗ ಬೆಳಗಿನ ಸಾಲು ನಾಲಿಗೆ ಮೇಲೆ ಆಡುತ್ತಿತ್ತು. ಅದನ್ನು ಓಡಿಸಲು ಮಗ್ಗಿ ಹೇಳಿಕೊಳ್ಳುತ್ತಿದ್ದೆ, ತೆಲುಗು ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಬರುಬರುತ್ತ ಪಳಗಿದೆ. ಹಿಂದೂಪುರದ ರೈಲು ಹಳಿ ದಾಟುವ ಹೊತ್ತಿಗೆ ತಲೆ ಖಾಲಿಯಾಗಿರುತ್ತಿತ್ತು. ಮಾರನೆಯ ಬೆಳಗ್ಗೆ ಹೊಸ ಸಾಲು ತಾನಾಗಿ ಬರುತ್ತಿತ್ತು. ಇದೇ ಏಕಾಗ್ರತೆ, ನನಗೆ ಅದು ಸಿದ್ಧಿಸಿದೆ ಎಂದು ನಾನು ಬೀಗಿದೆ. ಓರಗೆಯ ಹುಡುಗರಿಗೆ ಉಪದೇಶವನ್ನೂ ಮಾಡಿದ್ದುಂಟು.

ನಾಟಕದ ಕಥೆ ನಾನೇ ಕಟ್ಟಿದ್ದು. ಒಬ್ಬ ಪಾಳೇಗಾರ. ಅವನ ಕೋಟೆಗೆ ಶತ್ರು ಮುತ್ತಿಗೆ ಹಾಕಿ, ಕೋಟೆ ಬಿಡದಿದ್ದರೆ ಕೆರೆ ಒಡೆಸುತ್ತೇನೆ ಎನ್ನುತ್ತಾನೆ. ಕೆರೆ ಒಡೆದರೆ ಕೆಳಗಿನ ಊರುಗಳೆಲ್ಲ ಹೋಗುತ್ತವೆ. ಪಾಳೇಗಾರ ಕೋಟೆಯನ್ನೇ ಬಿಟ್ಟುಕೊಟ್ಟು ಬರಿಗೈಯಲ್ಲಿ ಹೊರಡುತ್ತಾನೆ. ಇಷ್ಟೇ. ಹೊರಡುವಾಗ ಅವನು ಏನು ಹೇಳುತ್ತಾನೆ ಎನ್ನುವ ಕೊನೆಯ ರಂಗವೊಂದು ಉಳಿದಿತ್ತು. ಅಷ್ಟರಲ್ಲಿ ನನಗೆ ಕಲ್ಯಾಣದುರ್ಗದ ಒಂದು ಸರ್ಕಾರಿ ಆಫೀಸಿನಲ್ಲಿ ನಕಲು ಮಾಡುವ ಗುಮಾಸ್ತನ ಕೆಲಸ ಸಿಕ್ಕಿತು. ಮನೆಯವರೆಲ್ಲ ಕುಣಿದರು. ಅಣ್ಣ ಬಸ್ಸಿನ ತನಕ ಟ್ರಂಕು ಹೊತ್ತುಕೊಂಡು ಬಂದ.

"ಕೊನೇದು ಅಲ್ಲೇ ಬರ್ಕಂಡು ಬಾ. ಅಲ್ಲಿಗಂಟ ಇವನ್ನ ನಾನು ನೋಡ್ಕಂತೀನಿ" ಅಂದ. ದನಕರುಗಳ ವಿಷಯ ಹೇಳುವ ಧಾಟಿಯಲ್ಲೇ ಹೇಳಿದ.

ಕಲ್ಯಾಣದುರ್ಗದಲ್ಲಿ ಒಬ್ಬ ಮುದುಕಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದೆ. ಅಲ್ಲಿಯೂ ಅದೇ ಶಿಸ್ತು. ಕತ್ತಲಲ್ಲೇ ಏಳುವುದು, ತಣ್ಣೀರು, ಸ್ಲೇಟು, ಬಳಪ. ಕೂತೆ. ಏನೂ ಬರಲಿಲ್ಲ. ಹೊಸ ಊರು, ನಾಲ್ಕು ದಿನ ಹೋಗಲಿ ಎಂದುಕೊಂಡೆ. ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. ಪೂರ್ವಕ್ಕೆ ಮುಖ ಮಾಡಿ ಕೂತೆ, ಗೋಡೆಗೆ ಮುಖ ಮಾಡಿ ಕೂತೆ. ರಾತ್ರಿಯ ಊಟ ಬಿಟ್ಟೆ. ಕಾಫಿ ಬಿಟ್ಟೆ, ತಲೆನೋವು ಬಂತು, ಮತ್ತೆ ಹಿಡಿದೆ. ಮುದುಕಿ ಅಂಗಳಕ್ಕೆ ಸಗಣಿ ನೀರು ಹಾಕುತ್ತ ನನ್ನನ್ನೂ ನನ್ನ ಖಾಲಿ ಸ್ಲೇಟನ್ನೂ ನೋಡಿ, "ಏಮಿ ನಾಯನಾ, ಇಂಕಾ ಬಡಿಕಿ ಪೋಯೇ ವಯಸಾ ನೀದಿ?" ಎಂದಳು. ಇನ್ನೂ ಸ್ಕೂಲಿಗೆ ಹೋಗುವ ವಯಸ್ಸೇನಪ್ಪಾ ನಿನ್ನದು ಎಂದು. ನಾನು ಸಿಟ್ಟಿನಿಂದ ಬಾಗಿಲು ಹಾಕಿಕೊಂಡೆ. ಬಾಗಿಲು ಹಾಕಿದರೂ ಏನೂ ಬರಲಿಲ್ಲ.

ಹಗಲೆಲ್ಲ ಆಫೀಸಿನಲ್ಲಿ ಬೇರೆಯವರ ಮಾತು ನಕಲು ಮಾಡುವುದು. ಯಾರದೋ ಅರ್ಜಿ, ಯಾರದೋ ಹುಕುಂ. ಕೈ ತಾನೇ ಓಡುತ್ತಿತ್ತು. ಅಕ್ಷರ ಮುತ್ತಿನಂತಿದೆ ಎಂದು ಮೇಲಿನವರು ಹೊಗಳುತ್ತಿದ್ದರು. ನನ್ನ ಮಾತು ಒಂದೂ ಕಾಗದದ ಮೇಲೆ ಇರದೆ, ಊರವರ ಮಾತೆಲ್ಲ ನನ್ನ ಕೈಬರಹದಲ್ಲಿ ಬೀರುವಿನಲ್ಲಿ ಭದ್ರವಾಗಿ ಕೂತಿದೆ ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಒಂದು ಭಾನುವಾರ ಊರಿಗೆ ಹೋಗಿ ಅಣ್ಣನ ಎದುರು ಕೂತು ಎಲ್ಲ ಬರೆದುಕೊಳ್ಳುತ್ತಿದ್ದೆ. ಆದರೆ ಪ್ರಯೋಗಕ್ಕೆ ಮುಂಚೆ ಕಾಗದಕ್ಕೆ ಹಾಕುವುದು ನನಗೆ ಮೈಲಿಗೆಯ ಹಾಗಾಗಿತ್ತು.

ಯೋಚಿಸಿ ಯೋಚಿಸಿ ಒಂದು ದಿನ ನನಗೆ ಅನ್ನಿಸಿತು, ನನಗೆ ಬೇಕಾಗಿರುವುದು ಕಪಿಲೆ. ಊರ ಹೊರಗೆ ಕಂಬದೂರಿನ ರಸ್ತೆಯಲ್ಲಿ ಒಬ್ಬ ರೈತ ಕಪಿಲೆ ಹೊಡೆಯುತ್ತಿದ್ದ, ಸೊಗಸಾಗಿ ಹಾಡುತ್ತಲೂ ಇದ್ದ. ಬೆಳಗ್ಗೆ ಸ್ಲೇಟು ಹಿಡಿದು ಅವನ ಬಾವಿಯ ಹತ್ತಿರ ಹೋಗಿ ಕೂತೆ. ಅವನು ಹಾಡು ನಿಲ್ಲಿಸಿ ನನ್ನನ್ನೇ ನೋಡಿದ. ಎತ್ತು ಬಿಚ್ಚಿ ಬಂದು ಕೈ ಮುಗಿದು, "ಸರ್ವೇಕಿ ವಚ್ಚಿನಾವಾ ಸಾಮೀ?" ಎಂದ. ಅಳತೆಗೆ ಬಂದವನಲ್ಲ, ಸುಮ್ಮನೆ ಬಂದೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಬೆಳಗಾಗುವ ಮೊದಲೇ ಸ್ಲೇಟು ಹಿಡಿದು ಯಾರದೋ ಬಾವಿಯ ದಡದಲ್ಲಿ ಸುಮ್ಮನೆ ಕೂರುವ ಗುಮಾಸ್ತನನ್ನು ಯಾರು ನಂಬುತ್ತಾರೆ? ಒಂದು ಚೊಂಬು ಮಜ್ಜಿಗೆ ಕೊಟ್ಟ. ಮಾರನೆಯ ದಿನ ಹೋದಾಗ ಅವನ ಹೆಂಡತಿಯೂ ಬಂದು ನಿಂತಿದ್ದಳು, ಅವನು ಹಾಡಲೇ ಇಲ್ಲ. ಮತ್ತೆ ನಾನು ಆ ಕಡೆ ಹೋಗಲಿಲ್ಲ.

ಆವತ್ತು ಹಿಂತಿರುಗಿ ಬರುವಾಗ ದಾರಿಯಲ್ಲಿ ನನಗೆ ನಿಜ ಗೊತ್ತಾಯಿತು. ನನಗೆ ಯಾವ ಏಕಾಗ್ರತೆಯೂ ಸಿದ್ಧಿಸಿರಲಿಲ್ಲ. ಅಣ್ಣ ನೊಗ ಕಟ್ಟಿ ಕಾಯುತ್ತಿದ್ದ, ಅದಕ್ಕೆ ಪದ್ಯ ಬರುತ್ತಿತ್ತು. ಕಾಯುವವರಿಲ್ಲದ ಕೋಣೆಯಲ್ಲಿ ಎಷ್ಟು ಬೇಗ ಎದ್ದರೇನು? ಅಂದು ಆಫೀಸಿನಲ್ಲಿ ನಕಲು ಮಾಡುವಾಗ ಸಾಲು ತಪ್ಪಿ ಒಂದು ಹಾಳೆ ಕೆಡಿಸಿದೆ. ಹಾಗಂತ ಅಭ್ಯಾಸ ಬಿಡಲೂ ಆಗಲಿಲ್ಲ. ಬೆಳಗ್ಗೆ ಕಣ್ಣು ತಾನೇ ಬಿಡುತ್ತಿತ್ತು.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಉಗಾದಿಗೆ ಊರಿಗೆ ಹೋದಾಗ ತೋಟದ ಕಡೆಯಿಂದ ಡಗ ಡಗ ಸದ್ದು ಕೇಳಿಸಿತು. ಅಣ್ಣ ಬಾವಿಗೆ ಆಯಿಲ್ ಇಂಜಿನ್ ಕೂರಿಸಿದ್ದ. ಹಿಂದಕ್ಕೆ ನಡೆದು ನಡೆದು ಅವನ ಮಂಡಿ ಸವೆದಿತ್ತು, ಎತ್ತುಗಳಿಗೂ ವಯಸ್ಸಾಗಿತ್ತು. ಅವನ್ನು ಮಾರಿ, ಇಳಿಜಾರಿಗೆ ಮಣ್ಣು ತುಂಬಿಸಿದ್ದ. ಅಲ್ಲಿ ಅತ್ತಿಗೆ ಬದನೆ ಸಸಿ ಹಾಕಿದ್ದಳು. ಅಣ್ಣನ ಮುಖದಲ್ಲಿ ಖುಷಿ ಕುಣಿಯುತ್ತಿತ್ತು.

"ನೋಡ್ಲಾ, ಒತ್ತು ಉಟ್ಟೋಕ್ ಮುಂಚೆ ತೋಟ ಎಲ್ಲಾ ನೆಂದ್ಬುಟ್ಟಿರ್ತದೆ. ನಾನು ಚಾಪೆ ಮ್ಯಾಲೆ ಬಿದ್ಕಂಡಿರ್ತೀನಿ" ಅಂದ.

ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ನಮ್ಮಣ್ಣ ಜೀವಮಾನವೆಲ್ಲ ಎತ್ತಿನ ಹಿಂದೆ ಹಿಮ್ಮುಖವಾಗಿ ನಡೆಯಬೇಕೆಂದು ಬಯಸುವಷ್ಟು ಪಾಪಿ ನಾನಲ್ಲ. ಪದ್ಯಗಳು ಹೇಗಿವೆ ಎಂದು ಕೇಳಿದೆ. "ಎಲ್ಲೋಯ್ತವೆ? ಇಲ್ಲೇ ಅವೆ" ಎಂದು ಎದೆ ತಟ್ಟಿಕೊಂಡ.

ಆ ವರ್ಷ ಮೇಷ್ಟ್ರು ಹಟ ಹಿಡಿದರು. ಅವರಿಗೂ ಕೆಮ್ಮು ಹತ್ತಿತ್ತು, ಇನ್ನೆಷ್ಟು ವರ್ಷ ಕಾಯುವುದು, ಕೊನೆಯ ರಂಗವಿಲ್ಲದಿದ್ದರೂ ಸರಿ, ಪಾಳೇಗಾರನನ್ನು ಸುಮ್ಮನೆ ನಡೆಸಿಬಿಡೋಣ, ಆಡಿಯೇ ಬಿಡೋಣ ಎಂದರು. ನಾನು ರಜೆ ಹಾಕಿ ಬಂದೆ. ತಾಲೀಮಿನ ಮೊದಲ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಅಣ್ಣ ಪದ್ಯ ಹೇಳಬೇಕು, ಉಳಿದವರು ಕಲಿಯಬೇಕು. ಮೇಷ್ಟ್ರು ಶ್ರುತಿ ಹಿಡಿದರು. ಅಣ್ಣ ಮೊದಲ ಪದ್ಯ ಎತ್ತಿದ, ಅದೇ ಗಂಟಲು. ಎರಡನೆಯದೂ ಬಂತು. ಮೂರನೆಯದರ ನಡುವೆ ನಿಂತ. ಮತ್ತೆ ಮೊದಲಿಂದ ಶುರುಮಾಡಿದ, ಅಲ್ಲೇ ನಿಂತ. ನೀರು ಕುಡಿದು ಇನ್ನೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಮುಂದುಕ್ಕೆ ಏನ್ಲಾ?" ಅಂದ. ಮರೆಯುವುದನ್ನು ಅಷ್ಟು ಶ್ರದ್ಧೆಯಿಂದ ಕಲಿತಿದ್ದೆ. ನನ್ನೊಳಗೆ ಒಂದು ಮಾತೂ ಇರಲಿಲ್ಲ. ಮೇಷ್ಟ್ರು ಹಾರ್ಮೋನಿಯಂನ ತಿದಿ ಮುಚ್ಚಿದರು.

ಬೆಳಗ್ಗೆ ಅಣ್ಣ ನನ್ನನ್ನು ಎಬ್ಬಿಸಿಕೊಂಡು ತೋಟಕ್ಕೆ ಹೋದ. ಇಂಜಿನ್ ಹಾಕಲಿಲ್ಲ. ಬದನೆ ಸಾಲಿನ ಪಕ್ಕ, ಹಿಂದೆ ಇಳಿಜಾರಿದ್ದ ಜಾಗದಲ್ಲಿ ಮುಂದಕ್ಕೆ ನಡೆದ, ಹಿಂದಕ್ಕೆ ನಡೆದ. ಕೈಯಲ್ಲಿ ಹಗ್ಗ ಹಿಡಿದವನ ಹಾಗೆ ಬೆರಳು ಮಡಿಸಿದ್ದ. ಮೂರನೆಯ ಪದ್ಯ ಪೂರ್ತಿ ಬಂತು. ಇನ್ನೊಂದು ಬಂತು. ನನಗೆ ಜೀವ ಬಂದಂತಾಯಿತು, ಕಾಗದ ತರಲೇ ಎಂದೆ. ತಡಿ ಎಂದ. ಆಮೇಲೆ ನೆಲ ಚಪ್ಪಟೆಯಾಗಿದ್ದರಿಂದಲೋ, ಮಂಡಿಯಿಂದಲೋ, ಹಿಂದೆ ಬಾನೆ ನೀರು ಸುರಿಯುತ್ತಿದ್ದ ಹೊತ್ತಿಗೆ ಸರಿಯಾಗಿ ನಿಲ್ಲಲು ಅವನಿಗೆ ಆಗಲಿಲ್ಲ. ಸಾಲು ಸಾಲಿಗೆ ಸಿಕ್ಕಿಕೊಂಡವು. ಬಿಸಿಲೇರುವ ತನಕ ನಡೆದ. ಕೊನೆಗೆ ಒಮ್ಮೆಲೇ ಕಣ್ಣರಳಿಸಿ, "ಬಂತು ಕಣ್ಲಾ" ಎಂದು ಗಂಟಲೆತ್ತಿ ಒಂದು ಪದ್ಯ ಹಾಡಿದ.

ಅದು ನನ್ನದಲ್ಲ. ನಮ್ಮ ಸೀಮೆಯಲ್ಲಿ ದನ ಕಾಯುವವರಿಗೂ ಬರುವ ಹಳೆಯ ನಾಟಕವೊಂದರ ಪದ್ಯ. ಅವನು ರಾಜನ ಪಾರ್ಟಿನಲ್ಲಿ ಎಷ್ಟೋ ಸಲ ಹಾಡಿದ್ದು.

"ಇದೇ ಅಲ್ವೇನ್ಲಾ?" ಅಂದ. ಬೆವರು ಸುರಿಯುತ್ತಿತ್ತು.

"ಇದೇ ಕಣಣ್ಣ" ಅಂದೆ.

"ಇನ್ನುಳಿದವೂ ಬತ್ತವೆ, ಎಲ್ಲೋಯ್ತವೆ" ಎಂದು ಅಲ್ಲೇ ಕೂತುಬಿಟ್ಟ. ನಮ್ಮ ಸ್ವಂತದ ನಾಲ್ಕು ಪದ್ಯಗಳನ್ನು ಆವತ್ತು ಬರೆದುಕೊಂಡೆ. ನಾಲ್ಕು ಪದ್ಯದಿಂದ ಯಾವ ಪಾಳೇಗಾರನೂ ಎದ್ದು ನಿಲ್ಲುವುದಿಲ್ಲ. ಆ ವರ್ಷ ಊರಿನಲ್ಲಿ ಆಡಿದ್ದು ಹಳೆಯ ನಾಟಕವೇ. ಅಣ್ಣ ರಾಜನಾಗಿ ಹಾಡಿದ, ಜನ ಒನ್ಸ್ ಮೋರ್ ಎಂದರು. ಮೇಷ್ಟ್ರು ಮುಂದಿನ ವರ್ಷ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ.

ಆದರೆ ಅಣ್ಣ ಊರವರಿಗೆಲ್ಲ "ನನ್ನ ತಮ್ಮನ ನಾಟಕ ಪೂರ್ತಿ ನನ್ನ ಹತ್ತಿರ ಐತೆ" ಎಂದೇ ಹೇಳುತ್ತಿದ್ದ. ನಾನು ಊರಿಗೆ ಹೋದಾಗಲೆಲ್ಲ, ನಿಂದು ಇನ್ನೊಂದು ಸಿಕ್ತು ಎಂದು ಹಾಡುತ್ತಿದ್ದ. ಒಂದು ಸಲ ಗೋರಂಟ್ಲದವರ ಪದ್ಯ, ಇನ್ನೊಂದು ಸಲ ತೆಲುಗು ನಾಟಕದ್ದನ್ನೇ ಕನ್ನಡಕ್ಕೆ ತಿರುಗಿಸಿದ್ದು. ನನಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ಪ್ರತಿ ಸಲವೂ ಹೂಂ ಅನ್ನುತ್ತಿದ್ದೆ. ಅವನ ಖುಷಿ ಕೆಡಿಸಿ ನನಗೆ ಸಿಗುವುದಾದರೂ ಏನಿತ್ತು?

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಅತ್ತಿಗೆ ಕಡಲೆಕಾಯಿ ಬಿಡಿಸುತ್ತಿದ್ದಳು. ಅಣ್ಣ ಕಂಬಕ್ಕೆ ಒರಗಿ ಕೂತವನು ಇದ್ದಕ್ಕಿದ್ದಂತೆ ಒಂದು ಪದ್ಯ ಎತ್ತಿದ. ನಾನು ಅದನ್ನು ಯಾವ ರಂಗದ ಮೇಲೂ ಕೇಳಿರಲಿಲ್ಲ. ನೀರಿಗೆ ಯಾರ ಹೊಲವೆಂದು ಗೊತ್ತಿಲ್ಲ, ತಗ್ಗು ಮಾತ್ರ ಗೊತ್ತು ಎಂದೇನೋ ಅದರೊಳಗೆ ಬಂತು. ಚೆನ್ನಾಗಿತ್ತು. ಅತ್ತಿಗೆಯೂ ಕೈ ನಿಲ್ಲಿಸಿ ಕೇಳಿದಳು. ನನ್ನೊಳಗೆ ಏನಾದರೂ ಅಲುಗಾಡುತ್ತದೆಯೇ ಎಂದು ಕಾದೆ. ಏನೂ ಅಲುಗಾಡಲಿಲ್ಲ. ಅದು ನನ್ನದೇ ಇರಬಹುದು, ನಾನು ಕಾಣದ ಯಾವುದೋ ಊರಿನವರದಿರಬಹುದು, ಅಣ್ಣನೇ ಆ ಕ್ಷಣ ಕಟ್ಟಿದ್ದೂ ಇರಬಹುದು.

"ಇದು ನಿಂದೇ ಅಲ್ವೇನ್ಲಾ?" ಅಂದ. ಯಾವಾಗಲೂ ಗಟ್ಟಿಯಾಗಿ ಕೇಳುವವನು ಈ ಸಲ ಅನುಮಾನದಿಂದ ಕೇಳಿದ. ಅದು ಯಾರದೆಂದು ಅವನಿಗಾದರೂ ಗೊತ್ತಿರಬಹುದೆಂದು ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ.

"ಹೂಂ, ನಂದೇ ಕಣಣ್ಣ."

"ಅಂಗಾದ್ರೆ ಬರ್ಕಳ್ಳಪ್ಪ ಬ್ಯಾಗ, ಇನ್ನೊಂದ್ಸಲ ಏಳ್ತೀನಿ" ಎಂದು ನೆಟ್ಟಗೆ ಕೂತು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. "ಎಂಗೆ ಸುರು ಆಗಿತ್ಲಾ ಅದು?" ಎಂದು ಕೇಳಿದ. ಈಗತಾನೇ ನನ್ನದೆಂದು ಒಪ್ಪಿಕೊಂಡ ಪದ್ಯದ ಮೊದಲ ಮಾತು ನನಗೂ ನೆನಪಿರಲಿಲ್ಲ.